ಸಾಲಿನಲ್ಲೊಂದು ಖಾಲಿ ಜಾಗ

ಬಸ್ ಡಿಪೋದಲ್ಲಿ ಚಕ್ರ ಬಿಚ್ಚಿ ಕೂಡಿಸುವ ಆಕೆಯನ್ನು ಹುಡುಗಿಯರು ಟೈರಕ್ಕ ಎಂದೇ ಕರೆಯುತ್ತಿದ್ದರು. ಅಂಥ ಕೆಲಸ ಹಿಡಿದದ್ದು ಸಾಲದೆಂಬಂತೆ ಹೆಣ್ಣುಮಕ್ಕಳಿಗೆ ಓಟ ಕಲಿಸಲು ಹೊರಟಾಗ ಬೀದಿಗೆ ಬೀದಿಯೇ ಮೂಗು ಮುರಿಯಿತು. ಮುರಿದುಕೊಳ್ಳಲಿ, ಅವರ ಮೂಗು ಅವರದು ಎಂದು ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಆದರೂ ಓಟ ನಡೆಯುತ್ತಿದ್ದುದು ಡ್ಯೂಟಿಗೆ ಮುಂಚೆ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ. ಹುಡುಗಿಯರ ಮನೆಯವರು ಅಷ್ಟಕ್ಕೆ ಮಾತ್ರ ಒಪ್ಪಿದ್ದರು.

ಕತ್ತಲಲ್ಲಿ ಯಾರೂ ಹಿಂದುಳಿಯಬಾರದೆಂದು ಟೈರಕ್ಕ ಒಂದು ಪದ್ಧತಿ ಮಾಡಿದ್ದಳು. ಪ್ರತಿ ತಿರುವಿನಲ್ಲೂ ಸಾಲಿನ ಮುಂದಿನವಳಿಂದ ಹಿಡಿದು ಒಬ್ಬೊಬ್ಬಳೂ "ಇದ್ದೀನಿ" ಎಂದು ಕೂಗಬೇಕು. ಎಲ್ಲರ ಹಿಂದೆ ಓಡುವ ಟೈರಕ್ಕ "ನಾನೂ ಇದ್ದೀನಿ" ಎಂದರೆ ಅಲ್ಲಿಗೆ ಲೆಕ್ಕ ಸರಿಹೋಯಿತು.

ಅವರಲ್ಲೆಲ್ಲ ಚುರುಕಾದವಳು ದರ್ಜಿಯ ದೊಡ್ಡ ಮಗಳು. ಮದುವೆ ವಯಸ್ಸಿನವಳಿಗೆ ಬೀದಿ ಓಟ ಯಾಕೆ ಎಂದು ಅಪ್ಪ ಬಾಗಿಲಿಗೆ ಬೀಗ ಜಡಿದ. ಅವಳು ಮಹಡಿಯ ಕಿಟಕಿಯಿಂದ ಇಳಿಯಲು ಹೋಗಿ, ಕೈ ಜಾರಿ ಬಿದ್ದು ಸತ್ತಳು. ಹುಡುಗಿಯರು ಮತ್ತೆ ಓಡತೊಡಗಿದಾಗ, ಯಾರೂ ಹೇಳಿಕೊಡದೆಯೇ, ಅವಳು ಕೂಗುತ್ತಿದ್ದ ಸರದಿ ಬಂದರೆ ಎಲ್ಲರೂ ಒಂದು ಉಸಿರಿನಷ್ಟು ಸುಮ್ಮನಾಗುತ್ತಿದ್ದರು. ಆ ಒಂದು ಉಸಿರು ಟೈರಕ್ಕನ ಎದೆಯ ಮೇಲೆ ಇಡೀ ದಿನ ಕೂತಿರುತ್ತಿತ್ತು.

ಒಂದು ಬೆಳಗಿನ ಜಾವ, ಬೇಕರಿಯ ತಿರುವಿನಲ್ಲಿ, ಆ ಖಾಲಿ ಜಾಗದಿಂದ ದನಿ ಬಂತು.

"ಇದ್ದೀನಿ."

ಅದೇ ದನಿ. ಕೊನೆಯಲ್ಲಿ ಒಂಚೂರು ನಗು ಬೆರೆತ ಅದೇ ದನಿ. ಹುಡುಗಿಯರು ಒಬ್ಬರೂ ತಿರುಗಿ ನೋಡಲಿಲ್ಲ. ನೋಡಿದರೆ ಬಂದವಳು ಹೊರಟುಹೋದಾಳು ಎಂಬ ಭಯದಲ್ಲಿ ಕತ್ತು ನೆಟ್ಟಗೆ ಮಾಡಿಕೊಂಡು ಓಡಿದರು. ನಿಜ ಹೇಳಬೇಕೆಂದರೆ ಟೈರಕ್ಕನಿಗೆ ಹೆದರಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು. ಮರುದಿನವೂ ದನಿ ಬಂತು, ಅದರ ಮರುದಿನವೂ. ಓಟ ಮುಗಿಯುವ ಮೈದಾನ ಸಿಗುವ ಮೊದಲೇ, ಆ ಖಾಲಿ ಜಾಗದಲ್ಲಿ ಓಡುತ್ತಿದ್ದ ಆಕೃತಿ ಸಾಲಿನಿಂದ ಜಾರಿ ಓಣಿಯೊಳಗೆ ಮಾಯವಾಗುತ್ತಿತ್ತು. ಯಾರೂ ಅದರ ಬಗ್ಗೆ ಸೊಲ್ಲೆತ್ತಲಿಲ್ಲ.

ಕೊನೆಗೊಂದು ದಿನ ಟೈರಕ್ಕ ಮನಸ್ಸು ಗಟ್ಟಿಮಾಡಿ, ಓಣಿಯ ಬಾಯಲ್ಲಿ ಆ ಆಕೃತಿಯ ಭುಜ ಹಿಡಿದಳು. ಭುಜ ಬೆಚ್ಚಗಿತ್ತು, ಬೆವರಿತ್ತು. ಸತ್ತವಳ ಜಾಕೆಟ್ ತೊಟ್ಟು ನಿಂತಿದ್ದವಳು, ದನಿಯಲ್ಲಿ ಅಕ್ಕನನ್ನೇ ಹೋಲುವ ದರ್ಜಿಯ ಚಿಕ್ಕ ಮಗಳು.

"ನೀನಾ! ಕಿಟಕಿಯಿಂದ ಇಳಿದು ಬಂದ್ಯಾ?" ಟೈರಕ್ಕ ಅವಳ ಕೈಕಾಲು ತಡವಿ ನೋಡಿದಳು.

"ಇಲ್ಲ ಟೈರಕ್ಕ, ಬಾಗಿಲಿಂದಾನೇ. ಅಪ್ಪ ಈಗ ಬೀಗ ಹಾಕಲ್ಲ."

"ಓಡೋಕೆ ಬಿಟ್ರಾ ನಿನ್ನ?"

ಹುಡುಗಿ ನೆಲ ನೋಡಿದಳು. "ನನ್ನ ಬಿಡಲ್ಲ. ಅಕ್ಕನ್ನ ಬಿಡ್ತಾರೆ."

ಅಪ್ಪ ರಾತ್ರಿಯಿಡೀ ಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತಾನಂತೆ. ಒಂದು ದಿನ ಇವಳು ಚಳಿಗೆ ಅಕ್ಕನ ಜಾಕೆಟ್ ಹಾಕಿಕೊಂಡು ಕೆಳಗಿಳಿದಾಗ, "ಹುಷಾರಾಗಿ ಹೋಗಿ ಬಾ, ದೊಡ್ಡವಳೇ" ಎಂದನಂತೆ. ಹಗಲಾದರೆ ಮಾತ್ರ, ಒಬ್ಬಳನ್ನ ಕಳ್ಕೊಂಡಿದ್ದು ಸಾಲದಾ, ನೀನು ಹೊಸ್ತಿಲು ದಾಟಬೇಡ ಎನ್ನುತ್ತಾನಂತೆ.

"ಮುಂದಿನ ತಿಂಗಳ ಓಟದ ಪಂದ್ಯದಲ್ಲಿ ಓಡ್ತೀಯಾ?" ಟೈರಕ್ಕ ಕೇಳಿದಳು.

"ಆಸೆ ಇದೆ. ಆದ್ರೆ ಯಾರಾಗಿ ಓಡ್ಲಿ? ಮನೇಲೂ ಅವಳೇ ಬೇಕು. ಇಲ್ಲೂ ನೀವು ಯಾರೂ ತಿರುಗಿ ನೋಡ್ಲಿಲ್ಲ."

ಟೈರಕ್ಕನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಹುಡುಗಿಯ ಕೈ ಹಿಡಿದು ಅವಳ ಮನೆಯ ಕಡೆ ನಡೆದಳು.

ದರ್ಜಿ ತೆರೆದ ಬಾಗಿಲ ಪಕ್ಕ, ಹೊಲಿಗೆ ಮೆಷಿನ್ ಮುಂದೆ, ದೀಪವನ್ನೂ ಹಾಕದೆ ಕೂತಿದ್ದ. "ಬಂದ್ಯಾ ದೊಡ್ಡವಳೇ?" ಎಂದ.

ಟೈರಕ್ಕ ಸ್ವಿಚ್ ಒತ್ತಿದಳು. ಹುಡುಗಿ ಜಾಕೆಟ್ ಕಳಚಿ ಮೆಷಿನ್ ಮೇಲಿಟ್ಟಳು.

"ಅಪ್ಪಾ, ನಾನು ಚಿಕ್ಕವಳು. ಇಷ್ಟು ದಿನ ಓಡಿದ್ದು ನಾನೇ."

ಅವನು ಅವಳ ಬೆನ್ನ ಹಿಂದೆ ಬಾಗಿಲಾಚೆ ಇಣುಕಿದ. "ಹಾಗಾದ್ರೆ ಅವಳೆಲ್ಲಿ?"

"ಅವಳು ಬರಲ್ಲಪ್ಪ."

ಮಣ್ಣು ಮಾಡಿದ ದಿನವೂ ಕಣ್ಣೀರು ಹಾಕದಿದ್ದ ಗಂಡಸು ಜಾಕೆಟ್ಟಿನಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತ. ಟೈರಕ್ಕ ಅವನ ಪಕ್ಕ ಕೂತಳು. "ನಂಗೂ ಅವಳೇ ಬೇಕಿತ್ತು ಅಣ್ಣ," ಎಂದಳು. "ಅದಕ್ಕೇ ಇರೋ ಮಗೂನ ನಾವಿಬ್ರೂ ಇಲ್ಲ ಅನ್ನಿಸಿಬಿಟ್ವಿ."

ದರ್ಜಿ ಎದ್ದು, ಬಾಗಿಲು ಮುಚ್ಚಲು ಚಿಲಕಕ್ಕೆ ಕೈ ಹಾಕಿದ. ಹುಡುಗಿ ಹೊಸ್ತಿಲು ಬಿಟ್ಟು ಕದಲಲಿಲ್ಲ. ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೈ ಕೆಳಗಿಳಿಸಿದ.

"ಕತ್ತಲಲ್ಲಿ ಬೇಡ ಚಿಕ್ಕವಳೇ," ಎಂದ. "ಹಗಲಲ್ಲಿ ಓಡು. ಬೀದಿಯವರು ಏನಾದ್ರೂ ಅಂದ್ಕೊಳ್ಳಲಿ. ಓಡ್ತಿರೋದು ನೀನೇ ಅಂತ ನಂಗೆ ಕಾಣಬೇಕು."