ಎರಡು ಸಲ ಕೇಳುವವಳು

ಕಾಲು ಚಾಚಿ ಕೂತವರು ಅದರ ಮೇಲೊಂದು ಚಾಪೆ ಹೊದಿಸಿಕೊಳ್ಳಬೇಕು, ಎದುರಿಗಿರುವವರಿಗೆ ಬರಿಯ ಅಂಗಾಲು ತೋರಿಸಬಾರದು. ಸವಾಯಿ ದ್ವೀಪದಲ್ಲಿ ಇದನ್ನು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಡಾಕ್ಟರ್ ಸೌನೋವಾಳ ಎಡಮಂಡಿ ಬಗ್ಗುತ್ತಿರಲಿಲ್ಲ. ಹಾಗಾಗಿ ಅವಳು ಹೋದಲ್ಲೆಲ್ಲ ಕಂಕುಳಲ್ಲಿ ತನ್ನದೇ ಒಂದು ತುಂಡು ಚಾಪೆ. ಆಸ್ಪತ್ರೆಯಲ್ಲಿ ಕುರ್ಚಿಗಳಿದ್ದರೂ ಮಕ್ಕಳ ಸಮಕ್ಕೆ ನೆಲದ ಮೇಲೆ ಕೂತು, ಕಾಲು ನೀಡಿ, ಚಾಪೆ ಹೊದಿಸಿ, ಆಮೇಲೆಯೇ ಮಾತು. ಮುದುಕಿ ಅಕೆನೆಸೆಯ ಕಣ್ಣಿಗೆ ಮೊದಲು ಚುಚ್ಚಿದ್ದು ಆ ಚಾಪೆ.

ಮೂವತ್ತು ವರ್ಷದಿಂದ ಊರಿನ ಉಳುಕು, ಬಾವು, ಸೊಂಟನೋವುಗಳೆಲ್ಲ ಅಕೆನೆಸೆಯ ಹೆಬ್ಬೆರಳಿನಡಿಯಲ್ಲೇ ಹಾದುಹೋಗಿದ್ದವು. ಒಂದು ಪ್ರಾರ್ಥನೆ, ಒಂದು ಹನಿ ತೆಂಗಿನೆಣ್ಣೆ, ನೀವುವ ಕೈ. ಅಷ್ಟೇ ಅವಳ ಆಸ್ಪತ್ರೆ. ಈಗ ತಾಯಂದಿರು ಅವಳ ಮನೆ ದಾಟಿಕೊಂಡೇ ಡಾಕ್ಟರಳ ಬಳಿ ಹೋಗುತ್ತಿದ್ದರು. ತೋಳು ಕತ್ತರಿಸಿದ ಆ ಬಿಳಿ ಕೋಟು, ಎಡಗಾಲನ್ನು ದೋಣಿಯ ಹುಟ್ಟಿನಂತೆ ಬೀಸಿ ನಡೆಯುವ ನಡಿಗೆ, ಯಾವ ಪ್ರಶ್ನೆಯನ್ನೂ ಎರಡು ಸಲ ಕೇಳುವ ಆ ಚಾಳಿ, ಒಂದೊಂದನ್ನೂ ಅಕೆನೆಸೆ ಬಾಯಿಪಾಠ ಮಾಡಿಕೊಂಡಿದ್ದಳು. ಅಸೂಯೆಗಿರುವಷ್ಟು ಏಕಾಗ್ರತೆ ಜಪಕ್ಕೂ ಇರುವುದಿಲ್ಲ.

"ಜ್ವರ ಇಲ್ವಾ? ಇಲ್ವೇ ಇಲ್ವಾ?" ಎಂದು ಅಣಕಿಸಿ ನೆರೆಯವರನ್ನು ನಗಿಸುವಳು. "ಚರ್ಚಲ್ಲಿ ಪೂಜೆ ಮುಗಿದ್ಮೇಲೆ ನಾವೆಲ್ಲ ದೇವ್ರನ್ನ ನೋಡ್ತಾ ಬರ್ತೀವಿ ಕಣ್ರೇ, ಆ ಮಹಾತಾಯಿ ಮೆಟ್ಟಿಲ ಕೆಳಗೆ ನಿಂತು ಮಕ್ಕಳ ಕಾಲು ನೋಡ್ತಾಳೆ!"

ಅದೇ ಮೆಟ್ಟಿಲ ಮೇಲೆ ಒಂದು ಭಾನುವಾರ ಡಾಕ್ಟರಳ ಕಣ್ಣಿಗೆ ಬಿದ್ದದ್ದು ಅಕೆನೆಸೆಯ ಮೊಮ್ಮಗಳು, ಎಂಟು ವರ್ಷದ ತಿರೆಸಾ.

"ಬಾ ಕಂದಾ, ಬಲಗಾಲಲ್ಲಿ ಕುಪ್ಪಳಿಸು. ಭೇಷ್! ಈಗ ಎಡಗಾಲು."

ತಿರೆಸಾ ಎಡಗಾಲನ್ನು ಊರಿದಳು, ಕುಪ್ಪಳಿಸಲಿಲ್ಲ.

"ಕಡಲಕಟ್ಟೆಯಿಂದ ಹಾರಿ ಉಳುಕಿದೆ, ನಾನು ನೀವ್ತಾ ಇದೀನಿ," ಎಂದಳು ಅಕೆನೆಸೆ.

"ಎಷ್ಟು ದಿನದಿಂದ ಅಜ್ಜಿ?"

"ಎರಡು ತಿಂಗಳು."

"ಉಳುಕು ಎರಡು ತಿಂಗಳು ಇರತ್ತಾ? ಇರತ್ತಾ ಅಜ್ಜಿ?"

ಮರುದಿನ ಆಸ್ಪತ್ರೆಯ ನೆಲದ ಮೇಲೆ ಡಾಕ್ಟರ್ ಮೊದಲು ಒಳ್ಳೆಯ ಕಾಲನ್ನೆಲ್ಲ ಒಂದೇ ಬೆರಳಿನಿಂದ ಒತ್ತಿ ನೋಡಿ, ನೋಯುವ ಕಾಲಿಗೆ ಕಡೆಯಲ್ಲಿ ಬಂದಳು. "ಅಜ್ಜಿ, ಡಾಕ್ಟರಮ್ಮನ ಕೈ ಎಷ್ಟು ತಣ್ಣಗಿದೆ!" ಎಂದು ಹುಡುಗಿ ಹಿಗ್ಗಿದಾಗ ಅಕೆನೆಸೆಗೆ ತನ್ನ ಬಿಸಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಜ್ವರವಿರಲಿಲ್ಲ. ರಕ್ತಪರೀಕ್ಷೆಯೂ ಹೆಚ್ಚುಕಡಿಮೆ ಎಲ್ಲ ಸರಿಯಿದೆಯೆಂದೇ ಹೇಳಿತು. ಎಕ್ಸ್‌ರೇ ಚಿತ್ರದಲ್ಲಿ ಮಾತ್ರ, ಮಂಡಿಯ ಕೆಳಗೆ, ಎಲುಬಿನೊಳಗೊಂದು ಕಪ್ಪು ಗೂಡು; ಸುತ್ತ ಬಿಳಿಯ ಅಂಚು.

"ಕೀವಿನ ಗೂಡು ಇರಬಹುದು, ಕೆಟ್ಟ ಗಡ್ಡೆನೂ ಇರಬಹುದು," ಎಂದಳು ಡಾಕ್ಟರ್, ಮರೆಮಾಚದೆ. "ಗಡ್ಡೆ ಆದ್ರೆ ಕಾಲು ಉಳಿಯೋದೇ ಕಷ್ಟ. ಅಜ್ಜಿ, ಇದಕ್ಕೆ ಮುಂಚೆ ಮಗುಗೆ ಹುಣ್ಣು, ಕುರು ಏನಾದ್ರೂ ಆಗಿತ್ತಾ? ನೀವೋವಾಗ ಕೈಗೇನಾದ್ರೂ ಸಿಕ್ತಾ?"

"ಏನೂ ಇಲ್ಲ."

ಸುಳ್ಳು. ಆ ಕಾಲಿನ ಹಿಮ್ಮಡಿಯ ಮೇಲೊಂದು ಕುರುವಾಗಿತ್ತು. ಸೊಪ್ಪು ಕಟ್ಟಿ ಒಣಗಿಸಿದವಳು ಅವಳೇ. ಮೂರು ವಾರದ ನಂತರ ನೋವು ಶುರುವಾದಾಗ ಮಂಡಿಯ ಕೆಳಗೆ ಬೆರಳಗಲದ ಜಾಗವೊಂದು ಹೆಬ್ಬೆರಳಿಗೆ ಬೆಚ್ಚಗೆ ಸಿಕ್ಕಿತ್ತು, ಹುಡುಗಿ ಉಸಿರು ಹಿಡಿದಿದ್ದಳು. ಇದು ಮಾಂಸದ ನೋವಲ್ಲ, ತನ್ನ ಕೈಗೆ ಬಗ್ಗುವುದಲ್ಲ ಎಂದು ಅವಳಿಗೆ ಅಂದೇ ಗೊತ್ತಾಗಿತ್ತು. ಹೇಳಿದರೆ ಸ್ವಂತ ಮೊಮ್ಮಗಳೂ ಆ ತುಂಡು ಚಾಪೆಯ ಮುಂದೆ ಕೂರಬೇಕಲ್ಲ! ಎರಡು ತಿಂಗಳು ಆ ಜಾಗದ ಸುತ್ತ ಮಾತ್ರ ಎಣ್ಣೆ ಸವರಿದ್ದಳು.

"ಏನೂ ಇಲ್ವಾ?" ಡಾಕ್ಟರ್ ಮತ್ತೆ ಕೇಳಿದಳು, ಮೆತ್ತಗೆ. "ಏನೂ ಇರ್ಲೇ ಇಲ್ವಾ?"

ತಾನು ಊರಿಡೀ ಅಣಕಿಸಿದ ಮಾತು. ಅಕೆನೆಸೆ ಕೊರಳಿನ ಶಿಲುಬೆಯನ್ನು ಹಿಡಿದುಕೊಂಡಳು. "ಇತ್ತು," ಎಂದಳು, ಎಲ್ಲವನ್ನೂ ಹೇಳಿದಳು, ಬೆರಳಿಟ್ಟು ತೋರಿಸಿದಳು. ಆ ಬೆರಳ ಸುತ್ತ ಡಾಕ್ಟರ್ ಶಾಯಿಯಲ್ಲಿ ಗೆರೆ ಎಳೆದಳು. ಗೂಡು ಇದ್ದದ್ದು ಅದರ ಕೆಳಗೇ.

"ಹಾಗಾದ್ರೆ ಆ ಕುರುವಿನ ರೋಗಾಣುನೇ ರಕ್ತದಲ್ಲಿ ಹರಿದು ಎಲುಬಿಗೆ ಸೇರಿರ್ಬೇಕು, ಕೀವು ಅಂತ್ಲೇ ನನ್ನ ಮನಸ್ಸು ಹೇಳತ್ತೆ. ಆದ್ರೂ ಕೊಯ್ದು ನೋಡ್ಲೇಬೇಕು."

ಕೊಯ್ದು ನೋಡಿದರು. ಗಟ್ಟಿ ಕೀವು, ಗಡ್ಡೆಯ ಸುಳಿವಿಲ್ಲ. ಗೂಡನ್ನು ಕೆರೆದು ಚೊಕ್ಕಟ ಮಾಡಿ, ಕೀವಿನಲ್ಲಿ ಬೆಳೆದ ರೋಗಾಣು ಯಾವುದೆಂದು ತಿಳಿದು, ಅದಕ್ಕೆ ತಕ್ಕ ಔಷಧಿ ಆರು ವಾರ. ಅಕ್ಟೋಬರಿನ ಮಕ್ಕಳ ಹಬ್ಬದ ಭಾನುವಾರ ತಿರೆಸಾ ಬಿಳಿ ಅಂಗಿಯಲ್ಲಿ ಚರ್ಚಿನ ಮೆಟ್ಟಿಲು ಹತ್ತಿ ತನ್ನ ಬೈಬಲ್ ವಚನ ಒಪ್ಪಿಸಿದಳು.

ಅಂದು ಸಂಜೆ ಡಾಕ್ಟರ್ ಅಕೆನೆಸೆಯ ಮನೆಗೆ ಬಂದು, ಕಾಲು ನೀಡಿ, ಚಾಪೆ ಹೊದಿಸದೆ ಕೂತಳು. ಮಂಡಿಯ ಕೆಳಗೆ, ತಿರೆಸಾಳಿಗೆ ಗೂಡಿದ್ದ ಜಾಗದಲ್ಲೇ, ಹಳೆಯ ಗುಳಿಬಿದ್ದ ಕಲೆ.

"ಸ್ವಲ್ಪ ನೀವ್ತೀರಾ ಅಜ್ಜಿ? ನಮ್ಮಜ್ಜಿನೂ ನೀವೋಳೇ. ಅವಳಿಗೂ ಎಲ್ಲಾ ಗೊತ್ತಿತ್ತು. ಯಾರೂ ಅವಳನ್ನ ಎರಡನೇ ಸಲ ಕೇಳ್ಲಿಲ್ಲ, ಅಷ್ಟೇ."

ಅಕೆನೆಸೆ ಎಣ್ಣೆ ಬಿಸಿ ಮಾಡಿದಳು. ಹೊಟ್ಟೆಯುರಿ ಪೂರ್ತಿ ಆರಿರಲಿಲ್ಲ. ತನ್ನ ಕೈ ಮೀರಿದ ಕಣ್ಣೊಂದು ಊರಿನಲ್ಲಿದೆ ಎಂಬುದು ಸುಲಭಕ್ಕೆ ಜೀರ್ಣವಾಗುವ ಸಂಗತಿಯಲ್ಲ. ನಮ್ಮ ಜಾಗ ಕಸಿಯಲು ಬಂದವರೊಡನೆ ಜಗಳವಾಡಿ ಹಗುರಾಗಬಹುದು. ತಮ್ಮ ಚಾಪೆ ತಾವೇ ತಂದು ಪಕ್ಕದಲ್ಲಿ ಕೂತು, ನಮ್ಮ ಮೊದಲ ಉತ್ತರವನ್ನು ಕ್ಷಮಿಸಿ ಎರಡನೆಯದಕ್ಕೆ ಕಾಯುವವರಿದ್ದಾರಲ್ಲ, ಅವರ ಮೇಲೆ ಹೊಟ್ಟೆಕಿಚ್ಚು ಪಡುತ್ತಲೇ ಅವರಿಗಾಗಿ ಪ್ರಾರ್ಥಿಸಬೇಕಾಗುತ್ತದೆ.