ತಿರುವಿ ಹೊಲಿದ ಪಟ್ಟಿ

ವರ್ಡೆಲ್ಲಾ ಸ್ಪ್ಯಾಂಗ್ಲರ್ ಸ್ಟೂಲು ಹತ್ತಿ ನಿಂತಾಗ ಒಳಗೆ ಉಕ್ಕಿನ ಬಳೆಗಳಿಟ್ಟು ಅಗಲಿಸಿದ ಅವರ ಬಳೆಲಂಗ ಗಂಟೆಯ ಹಾಗೆ ಎರಡು ಸಲ ತೂಗಿ ಸುಮ್ಮನಾಯಿತು. ಕೆಳಗೆ ಮೊಣಕಾಲೂರಿ ಕೂತ ನೋರೀನ್ ಬಾಲಿಂಗರ್ ಅಳತೆಯ ಟೇಪು ಬಿಚ್ಚಿದಳು. ಆಗಲೇ ಅದು ಕಣ್ಣಿಗೆ ಬಿತ್ತು.

ನೀಲಿ ಹತ್ತಿಬಟ್ಟೆ, ಅದರ ಮೇಲೆ ಸಣ್ಣ ಸಣ್ಣ ಹಳದಿ ಎಲೆ. ಐದು ಪಟ್ಟಿ ಜೋಡಿಸಿ ಹೊಲಿದ ಲಂಗ. ನಾಲ್ಕು ಪಟ್ಟಿಗಳಲ್ಲಿ ಎಲೆಗಳು ನಿನ್ನೆ ಚಿಗುರಿದಂತಿದ್ದವು. ಬಲಗಡೆ ಹಿಂದಿನ ಐದನೆಯದರಲ್ಲಿ ಮಾತ್ರ ನೂರು ಸಲ ಒಗೆದ ಹಾಗೆ ಮಂಕು. ಬಟ್ಟೆಯ ಒಳಮೈ ಹೊರಗೆ ಬಂದಿತ್ತು.

ಇಡೀ ಪೆನ್ಸಿಲ್ವೇನಿಯಾದಲ್ಲಿ ಬೇರೆ ಯಾರಾದರೂ ಹೀಗೆ ಹೊಲಿದಿದ್ದರೆ ನೋರೀನ್ ನಕ್ಕುಬಿಡುತ್ತಿದ್ದಳು. ಆದರೆ ವರ್ಡೆಲ್ಲಾ ಇಪ್ಪತ್ತೆರಡು ವರ್ಷದಿಂದ ಸಂಘದ ಉಡುಪು ತಪಾಸಣೆ ಮೇಜಿನ ಹಿಂದೆ ಭೂತಗನ್ನಡಿ ಹಿಡಿದು ಕೂತವರು. ಜುಲೈನಲ್ಲಿ ಅಮೆರಿಕದ ಹಳೆಯ ಅಂತರ್ಯುದ್ಧವನ್ನು ಆ ಕಾಲದ ಉಡುಪು ತೊಟ್ಟು ಆಟ ಕಟ್ಟಿ ತೋರಿಸುವಾಗ, ಸೈನಿಕರಿಗೆ ರೊಟ್ಟಿ ಸುಟ್ಟುಕೊಟ್ಟ ಊರಿನ ಹೆಂಗಸರಾಗಿ ಹಗ್ಗದ ಒಳಗೆ ಯಾರು ನಿಲ್ಲಬೇಕು, ಯಾರು ಹಗ್ಗದ ಹೊರಗೆ ಐಸ್‌ಕ್ರೀಮ್ ಚೀಪುತ್ತ ನೋಡಬೇಕು ಎಂದು ಏಪ್ರಿಲ್‌ನಲ್ಲೇ ತೀರ್ಮಾನಿಸುವವರು ಅವರು. ಹೋದ ವರ್ಷ ನೋರೀನ್‌ಳನ್ನು ಇದೇ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ, ಮೂವತ್ತು ಜನರ ಎದುರು ನಿಲ್ಲಿಸಿ, ಎದೆಯ ಗುಂಡಿಯನ್ನು ಉಗುರಿನಿಂದ ಟಕಟಕ ಬಡಿದಿದ್ದರು.

"ಇದು ಸಾವಿರದ ಎಂಟುನೂರ ಅರವತ್ಮೂರು, ತಾಯಿ. ಪ್ಲಾಸ್ಟಿಕ್ಕು ಇನ್ನೂ ಹುಟ್ಟಿರಲಿಲ್ಲ."

ನೋರೀನ್ ಓಡಿಸುವ ಶಾಲೆಯ ಬಸ್ಸಿನ ಮಕ್ಕಳಿಗೆಲ್ಲ ಈ ಸಾಲು ಬಾಯಿಪಾಠ. ಮೂಗಿನಲ್ಲಿ ಅರ್ಧ, ಗಂಟಲಿನಲ್ಲಿ ಅರ್ಧ ಆಡುವ ಆ ದನಿಯನ್ನು ಅವಳು ಅಷ್ಟು ಚೆನ್ನಾಗಿ ತೆಗೆಯುತ್ತಿದ್ದಳು. ಗಲಾಟೆ ಮಾಡುವ ಹುಡುಗರೂ ಕನ್ನಡಿಯಲ್ಲಿ ಅವಳ ಮುಖ ನೋಡಿ ತೆಪ್ಪಗಾಗುತ್ತಿದ್ದರು.

ತಪಾಸಣೆ ಮಾಡುವವರನ್ನೇ ಮೊದಲು, ಚೀಟಿಯಲ್ಲಿ ಹೆಸರು ಬಂದ ಒಬ್ಬರು ತಪಾಸಣೆ ಮಾಡಬೇಕು, ತಪ್ಪು ಸಿಕ್ಕರೆ ಅವರು ಮೇಜು ಬಿಡಬೇಕು. ಈ ನಿಯಮ ತಂದವರೂ ವರ್ಡೆಲ್ಲಾ ಅವರೇ. ಈ ಸಲ ಚೀಟಿಯಲ್ಲಿ ಬಂದದ್ದು ನೋರೀನ್‌ಳ ಹೆಸರು.

"ಏನೇ ನೋರೀನ್, ಲಂಗದ ಕೆಳಗೇ ಬಿಡಾರ ಹೂಡ್ತೀಯಾ?" ಮುಂದಿನ ಸಾಲಿನಿಂದ ಪ್ಯಾಟ್ರೀಸ್ ಕೇಳಿದಳು. ಲೈಬ್ರರಿಯಲ್ಲಿ ಕೆಲಸ ಮಾಡುವ ಪ್ಯಾಟ್ರೀಸ್‌ಗೆ ಆ ಮೇಜಿನ ಮೇಲೆ ಆರು ವರ್ಷದಿಂದ ಕಣ್ಣು.

"ಅಂಚು ನೋಡ್ತಾ ಇದೀನಿ."

ನಿಜವಾಗಿಯೂ ನೋಡುತ್ತಿದ್ದಳು. ಅಂಚಿನ ಸುತ್ತಳತೆ ಐದು ಗಜ. ಅವಳೂ ಈ ಚಳಿಗಾಲವೆಲ್ಲ ಇಂಥದೇ ಐದು ಗಜವನ್ನು ಕೈಯಲ್ಲಿ ಹೊಲಿದಿದ್ದಳು. ಮೂರು ಸಲ ಬಿಚ್ಚಿದ್ದಳು. ಬಳೆಲಂಗ ಹೊಲಿಯುವವರು ಮೊದಲು ಅಂಚು ಮಡಿಚಿ ಮುಗಿಸುತ್ತಾರೆ. ಉದ್ದ ಹೆಚ್ಚುಕಡಿಮೆಯಾದರೆ ಸೊಂಟದಲ್ಲಿ ಸರಿಮಾಡುತ್ತಾರೆ. ಗೊತ್ತಿಲ್ಲದೆ ಅವಳು ಉಲ್ಟಾ ಮಾಡಿ ಕೂತಿದ್ದಾಗ ಹೊಲಿಗೆ ತರಗತಿಯಲ್ಲಿ ಬೈದು ಕಲಿಸಿದವರು ಇದೇ ವರ್ಡೆಲ್ಲಾ. ಸೂಜಿ ಚುಚ್ಚಿ ಬಟ್ಟೆಗೆ ರಕ್ತ ಹತ್ತಿದಾಗ, "ನಿನ್ನ ರಕ್ತಕ್ಕೆ ನಿನ್ನ ಎಂಜಲೇ ಮದ್ದು. ಹಚ್ಚಿ ಒರೆಸು, ಗುರುತೂ ಉಳಿಯಲ್ಲ" ಅಂದವರೂ ಅವರೇ.

ಅಂಚನ್ನು ಮಗುಚಿದಳು. ಒಂದು ಗೇಣಿನವರೆಗೆ ಹೊಲಿಗೆ ಸಾಸಿವೆ ಸಾಲಿನಂತಿತ್ತು. ಆಮೇಲೆ ದಾರಿ ತಪ್ಪಿ, ಹತ್ತಿ, ಇಳಿದು, ಮತ್ತೆ ದಾರಿ ಹುಡುಕಿಕೊಂಡಿತ್ತು. ಅದರ ಪಕ್ಕದಲ್ಲೇ ಕಂದು ಚುಕ್ಕೆಗಳು. ಹನ್ನೊಂದು, ಹನ್ನೆರಡು. ಒಂದನ್ನೂ ಒರೆಸಿರಲಿಲ್ಲ.

ನೋರೀನ್ ತಲೆಯೆತ್ತಿದಳು. ವರ್ಡೆಲ್ಲಾ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಅಲ್ಲಿ ಗಡಿಯಾರವಿತ್ತು. ಅವರ ಕಣ್ಣು ಗಡಿಯಾರದಿಂದ ಒಂದು ಮೊಳ ಆಚೆ ನೆಟ್ಟಿತ್ತು.

"ಮುಗೀತಾ, ತಾಯಿ?" ದನಿ ಮಾತ್ರ ಅದೇ ಹಳೆಯ ಗರಗಸ.

ಪ್ಯಾಟ್ರೀಸ್ ಕುರ್ಚಿ ಬಿಟ್ಟು ಎದ್ದಳು. ಫೈರ್ ಎಂಜಿನ್ ಹೊರಗೆ ನಿಲ್ಲಿಸಿ ದೊಡ್ಡ ಬಾಗಿಲು ತೆರೆದಿಟ್ಟಿದ್ದರಿಂದ ಬೆಳಕು ನೇರ ಲಂಗದ ಮೇಲೆ ಬಿದ್ದಿತ್ತು. ಅವಳು ತಲೆ ಒಂದು ಕಡೆ ವಾಲಿಸಿ ನೋಡಿದಳು. ಕಾಫಿ ಲೋಟಗಳ ಸದ್ದು ನಿಂತಿತು.

"ಒಂದು ಪಟ್ಟಿ ಬಣ್ಣ ಬೇರೆ ಇದೆಯಲ್ಲ?"

ವರ್ಡೆಲ್ಲಾ ಅವರ ಎಡಗೈ ಲಂಗದ ಮೇಲೆ ಇಳಿಯಿತು, ಎರಡು ಬೆರಳಲ್ಲಿ ಬಟ್ಟೆ ಉಜ್ಜಿ ನೋಡಿತು. ಎಡಗಡೆಯ ಪಟ್ಟಿ ಸರಿಯಾಗೇ ಇತ್ತು.

ನೋರೀನ್ ಟೇಪನ್ನು ನಿಧಾನಕ್ಕೆ ಸುತ್ತಿದಳು. ಹೋದ ವರ್ಷದ ಜುಲೈ ನೆನಪಾಯಿತು. ಹಗ್ಗದ ಹೊರಗೆ, ಬಿಸಿಲಿನಲ್ಲಿ, ಕೈಗೆ ಕರಗಿ ಇಳಿಯುತ್ತಿದ್ದ ಐಸ್‌ಕ್ರೀಮು. ಒಂದು ಮಾತು ಸಾಕಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿ ತೆರೆದಾಗ ಹೊರಟದ್ದು ಅರ್ಧ ಮೂಗಿನ, ಅರ್ಧ ಗಂಟಲಿನ ಆ ದನಿ.

"ಇದು ಸಾವಿರದ ಎಂಟುನೂರ ಅರವತ್ಮೂರು, ತಾಯಿ. ಯುದ್ಧದ ಕಾಲ. ಬಟ್ಟೆ ಮಾಸಿದ್ರೆ ಹೊಸದು ಯಾರ ಅಪ್ಪ ಕೊಡಿಸ್ತಾನೆ? ಬಿಚ್ಚಿ, ತಿರುವಿ ಹೊಲೀತಿದ್ರು."

ಹಾಲ್‌ನಲ್ಲಿ ನಗು ಹರಿಯಿತು. ಪ್ಯಾಟ್ರೀಸ್ ನಗಲಿಲ್ಲ.

"ತಿರುವಿದ್ರೆ ಪೂರ್ತಿ ತಿರುವ್ತಿದ್ರು. ಒಂದೇ ಪಟ್ಟಿ ಯಾಕೆ?"

"ಒಲೆ ಕಡೆಗಿನದು ಬೇಗ ಕಂದುತ್ತೆ." ನೋರೀನ್‌ಳದು ಈಗ ಸ್ವಂತ ದನಿ.

"ನಿನ್ನ ಕೇಳಲಿಲ್ಲ ನಾನು. ಹೊಲಿದವರನ್ನ ಕೇಳ್ತಾ ಇದೀನಿ. ವರ್ಡೆಲ್ಲಾ ಅವರೇ, ಯಾವ ಪಟ್ಟಿ ತಿರುವಿದ್ದು ನೀವು?"

ನಗು ಅಲ್ಲಲ್ಲೇ ತುಂಡಾಯಿತು. ಸ್ಟೂಲಿನ ಮೇಲೆ ವರ್ಡೆಲ್ಲಾ ಗಂಟಲು ಸರಿಮಾಡಿಕೊಂಡರು. ಮತ್ತೊಮ್ಮೆ ಸರಿಮಾಡಿಕೊಂಡರು.

ನೋರೀನ್ ಟೇಪು ಬೀಳಿಸಿಕೊಂಡವಳ ಹಾಗೆ ಬಗ್ಗಿದಳು. ಬಲಗಡೆ, ಹಿಂದೆ, ಅಂಚಿನ ಒಳಗಿದ್ದ ಉಕ್ಕಿನ ಬಳೆಯನ್ನು ಕಿರುಬೆರಳಲ್ಲಿ ಸಿಕ್ಕಿಸಿ ಒಮ್ಮೆ ಮೆಲ್ಲಗೆ ಜಗ್ಗಿದಳು. ಬಳೆಯಿಂದ ಬಳೆಗೆ ಆ ಜಗ್ಗು ಏರಿ ಸೊಂಟ ಮುಟ್ಟಿತು.

ವರ್ಡೆಲ್ಲಾ ಉಸಿರು ಬಿಟ್ಟರು.

"ಬಲಗಡೆ, ಹಿಂದಿನದು. ಅಷ್ಟೂ ಕಾಣಲ್ವೇನಮ್ಮ ನಿನಗೆ?"

ಪ್ಯಾಟ್ರೀಸ್ ಕೂತಳು. ನೋರೀನ್ ಕಾರ್ಡಿನ ಮೇಲೆ 'ಸರಿ' ಎಂದು ಬರೆದಳು. ವರ್ಡೆಲ್ಲಾಗೆ ಕೈಕೊಟ್ಟು ಸ್ಟೂಲಿನಿಂದ ಇಳಿಸಿದಳು. ಆ ಕೈ ತಣ್ಣಗಿತ್ತು. ಬೆರಳ ತುದಿಗಳು ಒರಟಾಗಿದ್ದವು, ತುಂಬ ಚುಚ್ಚಿಸಿಕೊಂಡಿದ್ದವು.

"ಮುಂದಿನವರು ಯಾರು?" ಮೇಜಿನ ಹಿಂದೆ ಕೂತು ವರ್ಡೆಲ್ಲಾ ಕೇಳಿದರು.

"ನಾನೇ."

ಭೂತಗನ್ನಡಿ ಮೇಜಿನ ಮೇಲೇ ಉಳಿಯಿತು. ವರ್ಡೆಲ್ಲಾ ನೋರೀನ್‌ಳ ಲಂಗದ ಅಂಚನ್ನು ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು. ಹೆಬ್ಬೆರಳು ಹೊಲಿಗೆಯ ಮೇಲೆ ಇಂಚಿಂಚಾಗಿ ನಡೆಯಿತು. ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು.

"ಇಲ್ಲಿ ದಾರ ಮುಗಿದಿದೆ. ಗಂಟು ದಪ್ಪ ಆಯ್ತು."

"ಹೌದು."

"ಜುಲೈ ಒಳಗೆ ಬಿಚ್ಚಿ ಹಾಕು." ಹೆಬ್ಬೆರಳು ಮುಂದೆ ಹೋಯಿತು, ಸುತ್ತು ಮುಗಿಸಿತು, ಸೊಂಟಕ್ಕೆ ಏರಿ ಮಡಿಕೆಗಳನ್ನು ಎಣಿಸಿತು. "ಸೊಂಟದಲ್ಲೇ ಸರಿಮಾಡಿದೀಯ."

"ನೀವೇ ಹೇಳಿದ್ರಲ್ಲ."

ವರ್ಡೆಲ್ಲಾ ಕಾರ್ಡನ್ನು ಎದುರಿಗೆ ಎಳೆದುಕೊಂಡು ಪೆನ್ನು ತೆರೆದರು. ಪೆನ್ನಿನ ಮೊನೆ ಸಹಿಯ ಗೆರೆಯಿಂದ ಎರಡು ಬೆರಳು ಕೆಳಗೆ ಇಳಿಯತೊಡಗಿತು. ನೋರೀನ್ ಮೇಜಿನ ಮೇಲೆ ಕೈಯೂರಿದಳು, ಪ್ಯಾಟ್ರೀಸ್ ಕಡೆಗೆ ಬೆನ್ನು ತಿರುಗಿಸಿದಳು. ಕಾರ್ಡನ್ನು ವರ್ಡೆಲ್ಲಾ ಕಡೆಗೆ, ಗೆರೆ ಸರಿಯಾಗಿ ಮೊನೆಯ ಅಡಿಗೆ ಬರುವಷ್ಟು ಸರಿಸಿ ಹಿಡಿದಳು.