ಪೆಪ್ಪರ್‌ಮಿಂಟು ನೀರು

"ಥೂ! ಹಂದಿಗಳಾದ್ರೂ ನಿಮಗಿಂತ ವಾಸಿ ಕಣ್ರೇ. ಈ ನಾತಕ್ಕೇ ಜ್ವರ ಹುಟ್ಟೋದು!"

ಆರೋಗ್ಯ ಇನ್ಸ್‌ಪೆಕ್ಟರ್ ಸ್ಟಿಬ್ಸ್ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಬೈಯುತ್ತಿದ್ದ. ಡೋರ್ಕಸ್ ಒಗೆಯುವುದನ್ನು ನಿಲ್ಲಿಸಲಿಲ್ಲ. ಲಂಡನ್ನಿನ ಅಂಚಿನ ಆ ಸಾಬೂನು ಕೇರಿಯ ಹೆಂಗಸರೆಲ್ಲ ಗುಡ್ಡದ ಮೇಲಿನ ಬಂಗಲೆಗಳ ಬಟ್ಟೆ ಒಗೆದೇ ಬದುಕುವವರು. ಊರ ಕೊಳೆಯೆಲ್ಲ ತೊಳೆದು ಕೊಳಕರು ಅನ್ನಿಸಿಕೊಂಡವರೂ ಅವರೇ, ನೋಡಿ ತಮಾಷೆ!

"ಸೋಮವಾರದೊಳಗೆ ಕೇರಿ ಖಾಲಿ ಮಾಡ್ಬೇಕು. ಮನೆಗಳ್ನೆಲ್ಲ ಕೆಡವಿಸ್ತಾರೆ. ಆರೋಗ್ಯ ಸಮಿತಿ ಅಧ್ಯಕ್ಷರು ಪಾರ್ಗಿಟರ್ ಸಾಹೇಬ್ರ ಹುಕುಂ."

"ಒಳಗೆ ನನ್ನ ಮಗಳು ಟಿಲ್ಲಿ ಜ್ವರದಲ್ಲಿ ಬೇಯ್ತಾವ್ಳೆ ಬುದ್ಧೀ. ಎತ್ಕೊಂಡು ಎಲ್ಗೆ ಹೋಗ್ಲಿ?"

"ಎಲ್ಲಾದ್ರೂ ಹಾಳಾಗೋಗು. ಮೊದ್ಲು ಮೈ ತೊಳ್ಕೊ."

ಮಧ್ಯಾಹ್ನ ಮೈಲಿಗೆ ಬಟ್ಟೆ ತರಲು ಅವಳು ಪಾರ್ಗಿಟರನ ಬಂಗಲೆಗೆ ಹೋದರೆ, ಅದೇ ಸ್ಟಿಬ್ಸ್ ಅಲ್ಲಿ ಬೆಕ್ಕಿನ ಹೆಜ್ಜೆ ಇಡುತ್ತಿದ್ದ. ಕಕ್ಕಸಿಗೆ ಒಂದು ಶೀಶೆ ಪೆಪ್ಪರ್‌ಮಿಂಟು ಎಣ್ಣೆ, ಅದರ ಮೇಲೆ ಬಿಸಿನೀರು ಸುರಿದು, ಮನೆಯ ಮೂಲೆಮೂಲೆ ಮೂಸಿದ. ಕಕ್ಕಸಿನ ಕೊಳವೆ ಎಲ್ಲಾದರೂ ಸೋರಿದ್ದರೆ ಅಲ್ಲಿ ಘಮ್ಮೆನ್ನಬೇಕು. ಎಲ್ಲೂ ಇಲ್ಲ.

"ತಮ್ಮ ಮನೇಲಿ ದೋಷವೇ ಇಲ್ಲ ಸಾರ್," ಎಂದು ಹಲ್ಲು ಗಿಂಜಿದ.

"ನಮ್ಮ ವಂಶದಲ್ಲೇ ಇಲ್ಲ ಕಣಯ್ಯ," ಅಂದ ಪಾರ್ಗಿಟರ್.

ಮರುದಿನ ಬೆಳಿಗ್ಗೆ ಕೇರಿಯಲ್ಲಿ ಹಬ್ಬ. ಬಾವಿ ನೀರಿನ ಚಹಾ ಘಮಘಮ! ಪಕ್ಕದ ಮನೆಯ ಮುದುಕ ಒಬಡಾಯ ಮೂರು ಲೋಟ ಇಳಿಸಿ, ನಾಯಿಗಳು ಬೆಚ್ಚುವಂತೆ ತೇಗಿದ.

"ದೇವ್ರು ಕಣ್ಬಿಟ್ಟ ಕಣಮ್ಮಿ! ಕಟ್ಕೊಂಡಿದ್ದ ವಾಯು ಸಲೀಸಾಗಿ ಹೊಂಟೋಯ್ತು!"

ಮಗಳ ಬಾಯಿಗೆ ಹಿಡಿದಿದ್ದ ಲೋಟವನ್ನು ಡೋರ್ಕಸ್ ಥಟ್ಟನೆ ಹಿಂದಕ್ಕೆಳೆದಳು. ನಿನ್ನೆ ಬಂಗಲೆಯಲ್ಲಿ ಮೂಗಿಗೆ ಬಡಿದದ್ದೂ ಇದೇ ಘಮ.

"ಉಗಿಯೋ ತಾತಾ! ದೇವ್ರಲ್ಲ ಅದು, ಪಾರ್ಗಿಟರನ ಕಕ್ಕಸು!"

"ಆಂ?"

"ಅಲ್ಲಿ ಸುರಿದ ಎಣ್ಣೆ ನಮ್ಮ ಬಾವಿಗೆ ಬಂದದೆ ಅಂದ್ರೆ, ಜೊತೆಗೆ ಇನ್ನೇನೇನು ಬಂದದೋ! ಆ ಸೂಳೆಮಗನ ಹೇಲು ಕುಡ್ಕೊಂಡೇ ನನ್ನ ಕೂಸು ಮಲಗಿರೋದು."

"ಅಯ್ಯೋ ನಿನ್ನ! ಮೂರು ಲೋಟ ಆದ್ಮೇಲಾ ಹೇಳೋದು?"

ಹೂಜಿ ತುಂಬಿಕೊಂಡು ಅವಳು ಗುಡ್ಡ ಹತ್ತಿದಳು. ಹಿಂದೆ ಬಕೆಟ್ಟು ಹಿಡಿದ ಕೇರಿಯ ಹೆಂಗಸರು. ಪಾರ್ಗಿಟರ್ ಅಂಗಳದಲ್ಲಿ ಕುರಿಮಾಂಸ ಬಾರಿಸಿ ಹೊಟ್ಟೆ ಸವರಿಕೊಳ್ಳುತ್ತಿದ್ದ. ಮನೆ ಶುದ್ಧ ಎಂಬ ಸರ್ಟಿಫಿಕೇಟು ತಂದ ಸ್ಟಿಬ್ಸ್ ಬಾಗಿಲ ಹತ್ತಿರ ನಿಂತಿದ್ದ.

"ಉಂಡದ್ದು ಅರಗ್ಲಿ ಅಂತ ಪೆಪ್ಪರ್‌ಮಿಂಟು ನೀರು ತಂದಿವ್ನಿ ಬುದ್ಧೀ," ಎಂದು ಡೋರ್ಕಸ್ ಅವನ ಬಟ್ಟಲಿಗೆ ಬಗ್ಗಿಸಿದಳು.

ಸಾಹೇಬ ಮೂಸಿ ಹಿಗ್ಗಿದ. "ಭೇಷ್! ನೋಡಯ್ಯ, ಇವಳಿಗೂ ಬುದ್ಧಿ ಬಂತು." ಬಟ್ಟಲು ತುಟಿಗೆ ಹೋಯಿತು.

"ನಮ್ಮ ಕೇರಿ ಬಾವಿದು," ಅಂದಳು ಡೋರ್ಕಸ್.

ಸ್ಟಿಬ್ಸ್ ಹಾರಿ ಬಂದು ಬಟ್ಟಲಿಗೆ ಹೊಡೆದ. ಅದು ಚೂರುಚೂರಾಯಿತು. ಆಮೇಲೆ ತಾನೇ ಮಾಡಿದ್ದಕ್ಕೆ ತಾನೇ ಬಿಳಿಚಿಕೊಂಡ.

"ಯಾಕಯ್ಯ ಬೀಳಿಸ್ದೆ? ಇವ್ರ ಮನೇಲಿ ದೋಷವೇ ಇಲ್ಲ ಅಂದಿದ್ಯಲ್ಲ!" ಅಂದಳು ಡೋರ್ಕಸ್.

ಸ್ಟಿಬ್ಸ್ ಹಿಂದೆ ಹಿಂದೆ ಸರಿದು ಬಾಗಿಲಿಗೆ ಬೆನ್ನು ತಾಗಿಸಿ ನಿಂತ.

"ಬನ್ರಮ್ಮಿ," ಎಂದು ಅವಳು ಹೂಜಿಯ ನೀರನ್ನು ಸಾಹೇಬನ ಕಾಲಬುಡದಲ್ಲೇ ಚೆಲ್ಲಿ, ಯಾರನ್ನೂ ಕೇಳದೆ ಬಂಗಲೆಯ ಅಡುಗೆಮನೆ ನಲ್ಲಿಯತ್ತ ನಡೆದಳು. "ಸೋಮವಾರ ನಾವೆಲ್ಲೂ ಹೋಗಲ್ಲ. ನಮ್ಮ ಮಕ್ಳು ಇನ್ಮೇಲೆ ಇದನ್ನೇ ಕುಡಿಯೋದು."

ಸಾಹೇಬ ತಡೆಯಯ್ಯಾ ಎಂದು ಅರಚಿದ. ಬಾಗಿಲಿಗೆ ಅಡ್ಡವಾಗಿದ್ದ ಸ್ಟಿಬ್ಸ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.